ಸಾಂಬ್ರಾದ ರನ್‌ವೇ ಮತ್ತು ಪಡುವಣ ಗಾಳಿ

‘ಸಾಹೇಬ್ರ, ಮಳಿಗಾಲದಾಗ ಇಮಾನ ಬೈಲಹೊಂಗಲದ ಕಡಿಂದ ಬಂದು ಇಳೀತಾವ. ಚಳಿಗಾಲದಾಗ ಊರ ಮ್ಯಾಲಿಂದ ಬರ್ತಾವ. ಯಾಕ್ರೀ ಹಂಗ?’

ಬೆಳಗಾವಿಯಲ್ಲಿ ಆಟೋ ಚಾಲಕರೊಬ್ಬರು ಕೇಳಿದ್ದು. ವಿಮಾನ ನಿಲ್ದಾಣದ ನಿಯಂತ್ರಣ ಟವರಿನಲ್ಲಿ ಕೂತು ವಿಮಾನ ಇಳಿಸಿ ಹಾರಿಸುವುದರಲ್ಲೇ ನನ್ನ ನೌಕರಿ ಕಳೆಯಿತು. ಪ್ರಯಾಣಿಕರು ವಿಮಾನ ಯಾಕೆ ತಡ ಎಂದು ಕೇಳುತ್ತಾರೆ, ಗಾಳಿಯ ಬಗ್ಗೆ ಕೇಳುವವರು ಅಪರೂಪ.

ವಿಮಾನ ಗಾಳಿಗೆ ಎದೆಯೊಡ್ಡಿಯೇ ಇಳಿಯಬೇಕು. ಎದುರುಗಾಳಿ ಇದ್ದಷ್ಟೂ ನೆಲ ಮುಟ್ಟುವಾಗಿನ ಓಟ ತಗ್ಗುತ್ತದೆ, ಬೇಗ ನಿಲ್ಲುತ್ತದೆ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದ ರನ್‌ವೇಯ ಎರಡು ತುದಿಗಳಲ್ಲಿ 08, 26 ಎಂದು ಬರೆದಿದೆ. ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳ ಕೊನೆಯ ಸೊನ್ನೆ ಬಿಟ್ಟರೆ ಉಳಿಯುವ ಅಂಕಿಗಳವು. ಅಂದರೆ ಹೆಚ್ಚುಕಡಿಮೆ ಮೂಡಣ–ಪಡುವಣ. ಮುಂಗಾರಿನಲ್ಲಿ ಗಾಳಿ ಘಟ್ಟ ಹತ್ತಿ ಪಡುವಣದಿಂದ ಬೀಸುತ್ತದೆ. ಆಗ 26ನ್ನು ಬಳಸುತ್ತೇವೆ. ವಿಮಾನ ಪೂರ್ವದಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ, ಎಲ್ಲ ಉಲ್ಟಾ.

ಈ ನಿಲ್ದಾಣ ಬ್ರಿಟಿಷರ ರಾಯಲ್ ಏರ್ ಫೋರ್ಸ್ 1942ರಲ್ಲಿ ಮಾಡಿದ್ದು. ಆ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಸೇರಿತ್ತು, ಏಪ್ರಿಲ್‌ನಲ್ಲಿ ಕೊಲಂಬೊ, ವಿಶಾಖಪಟ್ಟಣಗಳ ಮೇಲೆ ಬಾಂಬು ಬಿದ್ದಿತ್ತು. ಬರ್ಮಾದ ಕಾಳಗಕ್ಕೆ ಹೋಗುವವರ ತರಬೇತಿಗೆ ಸಾಂಬ್ರಾ ಬಳಕೆಯಾಯಿತು. ಪೂರ್ವ ಕರಾವಳಿಯಿಂದ ದೂರ, ಸಮತಟ್ಟಾದ ಎರೆನೆಲ, ಪಕ್ಕದಲ್ಲೇ ದಂಡು ಪ್ರದೇಶ: ಜಾಗ ಗೊತ್ತುಮಾಡಿದವರ ಲೆಕ್ಕ ನನಗೆ ಸರಿಯೆನಿಸುತ್ತದೆ.

ನಿಜವಾದ ಯುದ್ಧಕ್ಕೆ ಇಲ್ಲಿಂದ ವಿಮಾನಗಳು ಹೊರಟದ್ದು 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯಲ್ಲಿ. ನಮ್ಮ ವಾಯುಪಡೆಯ ದಾಳಿಯ ಹೊಣೆ ಹೊತ್ತಿದ್ದ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರ ಕೈಯಲ್ಲಿದ್ದ ನೆಲೆಗಳು ಪುಣೆ ಮತ್ತು ಸಾಂಬ್ರಾ. ಹಂಟರ್ ಯುದ್ಧವಿಮಾನಗಳು ಗೋವಾದ ಬಾಂಬೋಲಿಮ್‌ನ ವೈರ್‌ಲೆಸ್ ಕೇಂದ್ರಕ್ಕೆ ರಾಕೆಟ್ ಹೊಡೆದವು, 12 ಕ್ಯಾನ್‌ಬೆರಾ ಬಾಂಬರ್‌ಗಳು ಅಲ್ಲಿನ ದಾಬೋಲಿಮ್ ವಿಮಾನ ನಿಲ್ದಾಣದ ರನ್‌ವೇಗೆ ಬಾಂಬು ಸುರಿದವು. ರನ್‌ವೇ ಕೆಡಿಸಿ, ಟರ್ಮಿನಲ್ ಕಟ್ಟಡ ಮುಟ್ಟಬೇಡಿ ಎಂಬ ಆದೇಶವಿತ್ತು. ಅಷ್ಟಾದರೂ ಅಂದು ರಾತ್ರಿ ಉಳಿದ ತುಂಡು ರನ್‌ವೇಯಿಂದಲೇ ಪೋರ್ಚುಗೀಸರ ಎರಡು ವಿಮಾನಗಳು ಕರಾಚಿಗೆ ಪಾರಾದವು. ಆ ಪೈಲಟ್‌ಗಳ ಕೈಚಳಕಕ್ಕೆ, ಶತ್ರುಗಳಾದರೂ, ನಮ್ಮ ಕಸುಬಿನವರು ತಲೆದೂಗುತ್ತೇವೆ.

ಆಮೇಲೆ ಇವೆರಡೂ ನಿಲ್ದಾಣಗಳ ಹಣೆಬರಹ ಅದಲುಬದಲಾಯಿತು ನೋಡಿ. ಪೋರ್ಚುಗೀಸರು ನಾಗರಿಕರಿಗೆಂದು ಕಟ್ಟಿದ ದಾಬೋಲಿಮ್ ನಮ್ಮ ನೌಕಾಪಡೆಯದಾಯಿತು. ಸೈನ್ಯಕ್ಕೆಂದು ಹುಟ್ಟಿದ ಸಾಂಬ್ರಾ ನಿಲ್ದಾಣ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಬಂತು; ವಾಯುಪಡೆಯ ತರಬೇತಿ ಶಾಲೆ ಪಕ್ಕದಲ್ಲೇ ಉಳಿಯಿತು. ರನ್‌ವೇ ಯಾರದು ಎನ್ನುವುದು ಸಣ್ಣ ವಿಷಯವಲ್ಲ. ಬೀದರಿನಲ್ಲಿ ರನ್‌ವೇ ವಾಯುಪಡೆಯದು, 2020ರಲ್ಲಿ ಶುರುವಾದ ನಾಗರಿಕ ಟರ್ಮಿನಲ್ ಬದಿಯ ಬಿಡಾರವಿದ್ದಂತೆ. ಅಲ್ಲಿ ಅವರ ಹಾರಾಟಕ್ಕೆ ಹೊಂದಿಕೊಂಡೇ ನಮ್ಮ ವೇಳಾಪಟ್ಟಿ ಕೂರಬೇಕು.

ಸಾಂಬ್ರಾದ ಕಷ್ಟ ಬೇರೆ ಇತ್ತು: ಉದ್ದ ಸಾಲದು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ. ಗಾಳಿ ತೆಳು, ಬೇಸಗೆಯಲ್ಲಿ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲ ಸಿಗಲು ಹೆಚ್ಚು ದೂರ ಓಡಬೇಕು. ಅದೇ ಹಳೆಯ ಗೆರೆಯ ಮೇಲೆ ರನ್‌ವೇಯನ್ನು 2,300 ಮೀಟರಿಗೆ ಬೆಳೆಸಿ, 2017ರ ಸೆಪ್ಟೆಂಬರಿನಲ್ಲಿ ಹೊಸ ಟರ್ಮಿನಲ್ ತೆರೆದರು. ಮರುವರ್ಷವೇ ಹೆಚ್ಚಿನ ವಿಮಾನಗಳು ಹುಬ್ಬಳ್ಳಿಗೆ ಹೊರಟುಹೋದವು. ಸಣ್ಣ ಊರುಗಳ ವಿಮಾನಯಾನಕ್ಕೆ ಸರ್ಕಾರ ಸಬ್ಸಿಡಿ ಕೊಡುವ ಉಡಾನ್ ಯೋಜನೆಯ ಎರಡನೇ ಸುತ್ತು ಹುಬ್ಬಳ್ಳಿಗೆ ಸಿಕ್ಕಿತ್ತು, ಬೆಳಗಾವಿಗೆ ಇಲ್ಲ. ಸಬ್ಸಿಡಿ ಇದ್ದಲ್ಲಿಗೆ ಕಂಪನಿ ಹೋಗುತ್ತದೆ. 2019ರ ಮೂರನೇ ಸುತ್ತಿನಲ್ಲಿ ಬೆಳಗಾವಿಯ ಹೆಸರು ಬಂತು, ವಿಮಾನಗಳೂ ಬಂದವು. ಕಾಂಕ್ರೀಟು ಹಾಕಿದರೆ ಸಾಕು ಎಂದುಕೊಂಡಿದ್ದವರಿಗೆ ಆಗ ಬಹುಪಾಲು ಖಾಲಿಯಾಗಿದ್ದ ಏಪ್ರನ್, ಅಂದರೆ ವಿಮಾನ ನಿಲ್ಲುವ ಅಂಗಳ, ನೋಡಿ ಬೇಜಾರಾಗಿತ್ತು. ನನಗೂ.

ಈಗ ಪೈಲಟ್ ತರಬೇತಿ ಶಾಲೆಗಳೂ ಇವೆ. ಪುಟ್ಟ ವಿಮಾನಗಳು ಮುಟ್ಟಿ ಹಾರಿ, ಮುಟ್ಟಿ ಹಾರಿ ಅಭ್ಯಾಸ ಮಾಡುತ್ತವೆ. ಹಿಂದಿನಿಂದ ಜೆಟ್ ಬರುತ್ತಿದ್ದರೆ ಟವರಿನವರಿಗೆ ಲೆಕ್ಕಾಚಾರ. ಜೆಟ್‌ಗೆ ನಿಧಾನ ಮಾಡು ಎಂದರೂ ಒಂದು ಮಿತಿಯಿದೆ. ಕಲಿಯುವ ಹುಡುಗನಿಗೆ ಅಲ್ಲೇ ಒಂದು ಸುತ್ತು ಹಾಕು ಎನ್ನುತ್ತೇವೆ. ಧ್ವನಿಯಲ್ಲಿ ಗಾಬರಿ ಕೇಳಿಸಿದರೆ ಎರಡನೇ ಸಲ ಮೆಲ್ಲಗೆ ಹೇಳುತ್ತೇವೆ.

ಆಟೋದವರು ಎಲ್ಲ ಕೇಳಿಸಿಕೊಂಡು, ‘ಹಂಗಾರ ರಾಶಿ ತೂರೂ ಮುಂದ ನಾವು ಗಾಳಿ ನೋಡಿದಂಗ ಆತಲ್ರೀ’ ಅಂದರು.