ಹುಣ್ಣಿಮೆಯಲ್ಲದ ದಿನ ಮರಳು ದಿಬ್ಬಕ್ಕೆ ಹೋದರೆ ನೀರು ಏರುವುದಿಲ್ಲವೇ?

ಪ್ರಶ್ನೆ: ಬರುವ ಶನಿವಾರ ಹೊನ್ನಾವರಕ್ಕೆ ಬರುತ್ತಿದ್ದೇವೆ. ಶರಾವತಿಯ ಅಳಿವೆಯಲ್ಲಿ ಏಳುವ ಮರಳು ದಿಬ್ಬದ ಮೇಲೆ ಊರಿನವರಂತೆ ನಿಧಾನವಾಗಿ ನಡೆದು ಬರಬೇಕೆಂಬ ಆಸೆಯಿದೆ. ಅಂದು ಹುಣ್ಣಿಮೆಯೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಆದ್ದರಿಂದ ನೀರು ಏರುವ ಭಯವಿಲ್ಲ ಅಲ್ಲವೇ?

ಉತ್ತರ: ನೀರು ಏರುತ್ತದೆ. ಶನಿವಾರವೂ ಏರುತ್ತದೆ, ಭಾನುವಾರವೂ ಏರುತ್ತದೆ, ದಿನವೊಂದಕ್ಕೆ ಸಾಮಾನ್ಯವಾಗಿ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಅದೇ ಪ್ರಶ್ನೆ ಅದೇ ಧೈರ್ಯದೊಂದಿಗೆ ಬರುತ್ತದೆ. ಆ ಧೈರ್ಯ ಅಪಾಯಕಾರಿಯಾದುದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಈ ತಪ್ಪು ತಿಳಿವಳಿಕೆ ಹೇಗೆ ಹುಟ್ಟಿತೆಂಬುದು ಊಹಿಸಲಾಗದ್ದೇನಲ್ಲ. ಶಾಲೆಯ ಭೂಗೋಳದ ಪಾಠದಲ್ಲಿ ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿನಲ್ಲಿ ನಿಂತ ಚಿತ್ರವಿರುತ್ತದೆ, ಅದರ ಕೆಳಗೆ ಹುಣ್ಣಿಮೆ, ಅಮಾವಾಸ್ಯೆಗಳಂದು ಅಧಿಕ ಉಬ್ಬರ ಎಂಬ ವಿವರಣೆಯಿರುತ್ತದೆ. ವರ್ಷಗಳು ಕಳೆದಂತೆ 'ಅಧಿಕ' ಎಂಬ ಪದ ಮರೆತುಹೋಗಿ 'ಉಬ್ಬರ' ಎಂಬುದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಉಳಿದ ದಿನಗಳಲ್ಲಿ ಸಮುದ್ರ ಕೆರೆಯ ನೀರಿನಂತೆ ಒಂದೇ ಮಟ್ಟದಲ್ಲಿ ಇರುತ್ತದೆಂದು ಬಯಲುಸೀಮೆಯ ಓದುಗರು ಮಾತ್ರವಲ್ಲ, ಕಡಲಿನಿಂದ ಹತ್ತು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವರೂ ನಂಬಿರುವುದನ್ನು ಕಂಡಿದ್ದೇನೆ.

ವಾಸ್ತವ ಹೀಗಿದೆ. ಚಂದ್ರನ ಕಡೆಗೆ ಮುಖ ಮಾಡಿರುವ ಸಾಗರದ ನೀರು ಅವನ ಸೆಳೆತದಿಂದ ಉಬ್ಬುತ್ತದೆ. ಭೂಮಿಯ ಆಚೆಯ ಮಗ್ಗುಲಿನಲ್ಲಿ ಆ ಸೆಳೆತ ಅತ್ಯಂತ ಕಡಿಮೆಯಾದ್ದರಿಂದ ಅಲ್ಲಿಯೂ ಒಂದು ಉಬ್ಬು ನಿಲ್ಲುತ್ತದೆ. ತಿರುಗುವ ಭೂಮಿ ದಿನಕ್ಕೊಮ್ಮೆ ಈ ಎರಡನ್ನೂ ಹಾದುಹೋಗುವುದರಿಂದ ನಮ್ಮ ದಂಡೆಗೆ ಎರಡು ಭರತ, ಎಂದರೆ ಉಬ್ಬರ, ಎರಡು ಇಳಿತ. ದಶಮಿಯಂದೂ ದ್ವಾದಶಿಯಂದೂ ಚಂದ್ರ ಆಕಾಶದಲ್ಲಿ ಇದ್ದೇ ಇರುತ್ತಾನೆ, ಅವನ ಸೆಳೆತವೂ ಇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯನ ಸೆಳೆತವೂ ಅದಕ್ಕೆ ಕೂಡಿಕೊಳ್ಳುವುದರಿಂದ ನೀರು ಹೆಚ್ಚು ಮೇಲೇರುತ್ತದೆ ಮತ್ತು, ಎಲ್ಲರೂ ಮರೆಯುವ ಮಾತು ಇದು, ಹೆಚ್ಚು ಕೆಳಗಿಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಸೂರ್ಯ ಅಡ್ಡದಿಕ್ಕಿನಿಂದ ಎಳೆಯುವ ಕಾರಣ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಎಂದರೆ ಮರಳು ದಿಬ್ಬ ಪೂರ್ತಿ ಮೈತೆರೆದು ಮಲಗುವುದು ನೀವು ತಪ್ಪಿಸಬೇಕೆಂದುಕೊಂಡಿರುವ ಹುಣ್ಣಿಮೆ, ಅಮಾವಾಸ್ಯೆಗಳ ಇಳಿತದಲ್ಲಿಯೇ. ಅಷ್ಟಮಿಯಂದು ಬಂದವರು ಒಂದು ತೆಳು ಪಟ್ಟಿಯನ್ನು ಮಾತ್ರ ಕಂಡು ನಿರಾಶರಾಗಿ ಹಿಂದಿರುಗುವುದೂ ಉಂಟು.

ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಮಾತಿಗಿಂತ ಒಂದು ಕೋಲನ್ನು ನಂಬುತ್ತೇನೆ. ಗಾಳಿಮರದ ಒಣ ಕೋಲೊಂದನ್ನು ಇಳಿತದ ವೇಳೆಯಲ್ಲಿ ನೀರಿನ ಅಂಚಿಗೆ ನೆಡಿಸಿ ಕುಳಿತುಕೊಳ್ಳುತ್ತೇವೆ. ಒಂದು ದಶಮಿಯ ದಿನ ಹೀಗೆ ನೆಟ್ಟಾಗ ಮೊದಲ ಗಂಟೆಯಲ್ಲಿ ಕೋಲಿನ ಬುಡ ನಾಲ್ಕು ಬೆರಳಿನಷ್ಟು ಮುಳುಗಿತು. ಇಷ್ಟೇನಾ ಎಂದು ಮಕ್ಕಳು ಏಡಿಯ ಬಿಲಗಳ ಕಡೆಗೆ ಓಡಿದರು. ಎರಡನೆಯ ಗಂಟೆ ಮುಗಿಯುವ ಹೊತ್ತಿಗೆ ನೀರು ಒಂದು ಗೇಣು, ಮೂರನೆಯದು ಮುಗಿಯುವಾಗ ಮೊಣಕಾಲಿನ ಮಟ್ಟ. ಸುಮಾರು ಆರು ಗಂಟೆಗಳ ಏರಿಕೆಯಲ್ಲಿ ಅರ್ಧದಷ್ಟು ನೀರು ನಡುವಿನ ಎರಡು ಗಂಟೆಗಳಲ್ಲಿಯೇ ಬಂದುಬಿಡುತ್ತದೆ. ಮೊದಲ ಗಂಟೆಯ ನಿಧಾನವನ್ನು ಕಂಡು ಉಳಿದುದನ್ನು ಅಳೆಯುವವರು ಮೋಸಹೋಗುವುದು ಇಲ್ಲಿ. ಅದಕ್ಕಿಂತ ದೊಡ್ಡ ಅಪಾಯ ಬೆನ್ನ ಹಿಂದೆ ಇರುತ್ತದೆ. ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗು ದಿಬ್ಬಕ್ಕಿಂತ ಕೆಳಗಿರುವುದರಿಂದ ಅದೇ ಮೊದಲು ತುಂಬುತ್ತದೆ. ನೀವು ನಿಂತ ಮರಳು ಇನ್ನೂ ಒಣಗಿಯೇ ಇರುವಾಗ ನೀವು ಬಂದ ದಾರಿ ಮುಚ್ಚಿಹೋಗಿರುತ್ತದೆ.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಏರಿಳಿತದ ಅಂತರ ಹತ್ತು ಮೀಟರಿನ ಸಮೀಪಕ್ಕೆ ಹೋಗುವುದುಂಟು. ನಮ್ಮಲ್ಲಿ ಸಾಧಾರಣ ದಿನ ಒಂದು ಮೀಟರಿನ ಆಸುಪಾಸು, ದೊಡ್ಡ ಭರತದ ದಿನ ಅದಕ್ಕಿಂತ ಹೆಚ್ಚು. ಒಂದೇ ಮೀಟರು ತಾನೇ ಎನ್ನಬೇಡಿ. ಸಮತಟ್ಟಾದ ಮರಳಿನ ಮೇಲೆ ಒಂದು ಮೀಟರು ನೀರೆಂದರೆ ಇಡೀ ದಿಬ್ಬವೇ ಕಾಣೆಯಾಗುವಷ್ಟು ನೀರು.

ಹಾಗಾದರೆ ಯಾವಾಗ ಹೋಗಬೇಕು? ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತದ ತುದಿ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಮತ್ತು ನಡುರಾತ್ರಿಗೆ ಸ್ವಲ್ಪ ಮೊದಲು ಬರುತ್ತದೆ. ಇಳಿತದ ತಳ ಬೆಳಗಿನ ಜಾವ ಮತ್ತು ಸಂಜೆ 5ರ ಸುಮಾರಿಗೆ. ಅಲ್ಲಿಂದ ಮುಂದೆ ದಿನಕ್ಕೆ ಸರಾಸರಿ 50 ನಿಮಿಷ, ಪಂಚಾಂಗದ ಲೆಕ್ಕದಲ್ಲಿ ಎರಡು ಘಳಿಗೆಗಿಂತ ತುಸು ಹೆಚ್ಚು, ತಡವಾಗುತ್ತಾ ಹೋಗುತ್ತದೆ. ಇದು ಅಂದಾಜು ಮಾತ್ರ. ನಿಖರವಾದ ವೇಳೆಗೆ ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವಿದೆ, ಅಲೆಗಳ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕೊಡುತ್ತದೆ. ಇಳಿತದ ತಳಕ್ಕೆ ಒಂದೂವರೆ ಗಂಟೆ ಮೊದಲು ದಿಬ್ಬಕ್ಕೆ ಹೋಗಿ, ತಳ ಮುಟ್ಟಿದ ಕೂಡಲೇ ಹಿಂದಿರುಗಿ. ಇಳಿಯುವ ನೀರು ಅಳಿವೆಯಲ್ಲಿ ಸಮುದ್ರದ ಕಡೆಗೆ ಬಲವಾಗಿ ಸೆಳೆಯುವುದರಿಂದ ಅಲ್ಲಿ ಈಜಲೇಬಾರದು. ಗೋಕರ್ಣದ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳತ್ತ ನಡೆಯುವವರಿಗೂ ಇದೇ ಲೆಕ್ಕ ಬೇಕು. ಭರತದಲ್ಲಿ ಬಂಡೆಯ ಬುಡದಿಂದ ಸುತ್ತಿ ಹೋಗುವ ಸಾಹಸ ಬೇಡ, ಗುಡ್ಡದ ಮೇಲಿನ ಕಾಲುದಾರಿಯನ್ನೇ ಹಿಡಿಯಿರಿ.

ಊರಿನವರಂತೆ ನೋಡಬೇಕೆಂಬ ನಿಮ್ಮ ಆಸೆ ಒಳ್ಳೆಯದು. ಊರಿನವರು ಇಳಿತವನ್ನು ಕೆಲಸದ ಹೊತ್ತೆಂದು ನೋಡುತ್ತಾರೆ. ಕುಮಟಾ ಕಡೆಯ ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದ ಕೂಡಲೇ ಜನರು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಇಳಿಯುತ್ತಾರೆ, ಅವರು ಬುಟ್ಟಿ ಎತ್ತಿಕೊಂಡು ದಂಡೆಗೆ ಮರಳಲು ತೊಡಗಿದರೆಂದರೆ ನೀವೂ ಹೊರಡುವ ಹೊತ್ತಾಯಿತು. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಉಡುಪಿ ಕಡೆಯವರು ಕುದ್ರು ಎನ್ನುವ ನದೀದ್ವೀಪವನ್ನು ಇಲ್ಲಿ ಕುರ್ವೆ ಎನ್ನುತ್ತಾರೆ. ಅಳಿವೆಯ ಬಾಯಿಯಲ್ಲಿ ಏರಿದ ನೀರು ಒಳಗಿನ ಕುರ್ವೆಗಳನ್ನು ತಡವಾಗಿ ತಲುಪುವುದರಿಂದ ಎರಡು ಕಡೆಯ ವೇಳೆ ಒಂದೇ ಎಂದು ಭಾವಿಸಬಾರದು. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ಕಾಲುದಾರಿಗೆ ಇಳಿತದಲ್ಲಿಯೇ ಹೋಗಿ. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳೂ ಅವುಗಳ ನಡುವೆ ಸರಿದಾಡುವ ಏಡಿಗಳೂ ಆಗ ಕಣ್ಣಿಗೆ ಬೀಳುತ್ತವೆ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಮಾತಿದೆ: ಹೋದ ವರ್ಷ ಕಂಡ ದಿಬ್ಬ ಈ ವರ್ಷವೂ ಅಲ್ಲಿಯೇ ಇರುತ್ತದೆಯೇ? ಇರಬೇಕೆಂದೇನೂ ಇಲ್ಲ. ಮಳೆಗಾಲದ ನೆರೆ ಅಳಿವೆಯ ಮರಳನ್ನು ಸಮುದ್ರಕ್ಕೆ ತಳ್ಳುತ್ತದೆ, ಅಬ್ಬರದ ಅಲೆಗಳು ದಂಡೆಯನ್ನು ಕೊರೆಯುತ್ತವೆ, ಮಳೆ ನಿಂತ ಮೇಲೆ ಸೌಮ್ಯವಾದ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ಪೇರಿಸುತ್ತವೆ. ಹೀಗೆ ಪೇರಿಸುವಾಗ ಹಳೆಯ ಜಾಗವನ್ನೇ ಹುಡುಕಬೇಕೆಂಬ ನಿಯಮ ಅಲೆಗಳಿಗಿಲ್ಲ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆಗಳಲ್ಲಿ ಅಣೆಕಟ್ಟೆಗಳಿವೆ, ಮೇಲಿನಿಂದ ಬರುವ ಹೂಳು, ಮರಳಿನ ಒಂದು ಪಾಲು ಅಲ್ಲಿಯೇ ನಿಲ್ಲುತ್ತದೆ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟೆಯಿಲ್ಲ. ಆದ್ದರಿಂದ ಎರಡು ಅಳಿವೆಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಮೊಬೈಲಿನ ನಕ್ಷೆಯಲ್ಲಿ ಕಾಣುವ ದಿಬ್ಬ ಯಾವ ವರ್ಷದ, ಯಾವ ಹೊತ್ತಿನ ಚಿತ್ರವೆಂದು ತಿಳಿಯುವುದು ಕಷ್ಟ. ಹೊರಡುವ ದಿನ ಬೆಳಿಗ್ಗೆ ಬಂದರಿನಲ್ಲಿ ದೋಣಿ ನಡೆಸುವವರನ್ನು ಮಾತನಾಡಿಸಿ, ದಿಬ್ಬ ಈಗ ಎಲ್ಲಿದೆ, ನಡುವಿನ ತಗ್ಗಿನಲ್ಲಿ ಎಷ್ಟು ನೀರಿದೆ ಎಂಬ ಎರಡನ್ನೂ ಕೇಳಿ. ಅವರು ಇಂದು ಬೇಡ ಎಂದರೆ ಕಾರಣ ಕೇಳುತ್ತಾ ನಿಲ್ಲದೆ, ಆ ದಿನ ಕಾಂಡ್ಲಾ ಕಾಡಿನ ದಾರಿಯನ್ನೇ ನೋಡಿ ಬನ್ನಿ.