ಓಟೆ ಹಣ್ಣಿನ ತೋಟಕ್ಕೆ ಹೊರಗಿನ ಪೀಡೆ ನುಗ್ಗದಂತೆ: ಬಯೋಸೆಕ್ಯುರಿಟಿ ಟಿಪ್ಪಣಿ

ಪೀಚ್, ಪ್ಲಮ್, ಏಪ್ರಿಕಾಟ್, ಚೆರ್ರಿ. ತಿರುಳಿನ ನಡುವೆ ಒಂದೇ ಗಟ್ಟಿ ಓಟೆ ಇರುವ ಈ ಹಣ್ಣುಗಳೆಲ್ಲ ಪ್ರೂನಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಬಾದಾಮಿಯೂ ಇದೇ ಕುಲ. ಇದನ್ನು ಮೊದಲು ಬರೆದುಕೊಳ್ಳಿ. ಒಂದಕ್ಕೆ ಬಂದ ರೋಗ ಅದರ ನೆಂಟನಿಗೂ ಹತ್ತುವ ಸಾಧ್ಯತೆ ಜಾಸ್ತಿ. ಹಾಗಾಗಿ ಬೇಲಿ ಪಕ್ಕ ತಾನಾಗಿ ಬೆಳೆದ ಕಾಡು ಪ್ಲಮ್ ಗಿಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊರಗಿನ ಪೀಡೆ ಅಂದರೆ ಆ ಪ್ರದೇಶದಲ್ಲಿ ಈವರೆಗೆ ಇಲ್ಲದ ಕೀಟ, ಶಿಲೀಂಧ್ರ, ಬ್ಯಾಕ್ಟೀರಿಯಾ ಅಥವಾ ವೈರಸ್. ಅದರ ಹುಟ್ಟೂರಿನಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಡುವ ಜೀವಿಗಳು ಇರುತ್ತವೆ. ಹೊಸ ಜಾಗದಲ್ಲಿ ಎಷ್ಟೋ ಸಲ ಅವು ಇರುವುದಿಲ್ಲ. ಅದು ಬರುವ ದಾರಿಗಳನ್ನು ಮೊದಲೇ ಗುರುತಿಸಿ ಮುಚ್ಚುವುದು, ಬಂದರೂ ಬೇಗ ಕಣ್ಣಿಗೆ ಬೀಳುವಂತೆ ಏರ್ಪಾಡು ಮಾಡಿಕೊಳ್ಳುವುದು, ಇದೇ ಬಯೋಸೆಕ್ಯುರಿಟಿ ಯೋಜನೆ.

ಪೀಡೆ ಗಾಳಿಯಲ್ಲಿ ಹಾರಿ ಬರುತ್ತದೆ, ನಾವೇನು ಮಾಡಲು ಸಾಧ್ಯ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹಾರಿ ಬರುವುದೂ ಉಂಟು. ಆದರೆ ದೂರದ ಊರಿಗೆ ಅದನ್ನು ಹೊತ್ತು ತರುವವರು ಬಹುಪಾಲು ಮನುಷ್ಯರೇ.

ಶಾರ್ಕಾ ಕಲಿಸುವ ಪಾಠ

ಇದನ್ನು ಅರ್ಥ ಮಾಡಿಕೊಳ್ಳಲು ಪ್ಲಮ್ ಪಾಕ್ಸ್ ವೈರಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1917ರ ಸುಮಾರಿಗೆ ಬಲ್ಗೇರಿಯಾದ ಪ್ಲಮ್ ತೋಟಗಳಲ್ಲಿ ಇದು ಮೊದಲು ಕಂಡಿತು. ಅಲ್ಲಿನ ಭಾಷೆಯ ಹೆಸರೇ ಶಾರ್ಕಾ. ಯುರೋಪಿನಲ್ಲೆಲ್ಲ ಹಬ್ಬಿದ ಮೇಲೆ, 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪತ್ತೆಯಾಯಿತು. ತೋಟಕ್ಕೆ ತೋಟವೇ ಕಡಿಯಬೇಕಾಯಿತು. ಅಮೆರಿಕ ಪೂರ್ತಿ ಇದರಿಂದ ಮುಕ್ತವಾಯಿತು ಎಂದು ಘೋಷಿಸಿದ್ದು 2019ರಲ್ಲಿ. ಅಂದರೆ 20 ವರ್ಷ!

ರೋಗ ಬಂದ ಏಪ್ರಿಕಾಟನ್ನು ಬಿಡಿಸಿ, ಓಟೆ ತೊಳೆದು ನೋಡಿ. ಕಂದು ಓಟೆಯ ಮೇಲೆ ಬಿಳಿಚಿದ ಉಂಗುರಗಳು ಕಾಣುತ್ತವೆ. ಕೆಲವು ಪೀಚ್ ತಳಿಗಳಲ್ಲಿ ಹೂವಿನ ಎಸಳಿನ ಮೇಲೆ ಗಾಢ ಗುಲಾಬಿ ಗೀರುಗಳು ಮೂಡುತ್ತವೆ. ವಸಂತದಲ್ಲಿ ಎಲೆಯ ಮೇಲೆ ತಿಳಿ ಹಳದಿ ಬಳೆಗಳಿರುತ್ತವೆ. ಬಿಸಿಲು ಏರಿದಂತೆ ಅವು ಮಾಸಿಹೋಗುತ್ತವೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಗಿಡ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಸೋಂಕು ತಗುಲಿದ ಮರ ಒಂದೆರಡು ವರ್ಷ ಯಾವ ಗುರುತೂ ತೋರದೆ ಇರುವುದೂ ಉಂಟು. ಅಷ್ಟರಲ್ಲಿ ಅದರಿಂದ ಎಷ್ಟು ಕಸಿ ಕಡ್ಡಿ ಕತ್ತರಿಸಿ ಹಂಚಿರುತ್ತಾರೋ!

ಮರದಿಂದ ಮರಕ್ಕೆ ಇದನ್ನು ಒಯ್ಯುವುದು ಗಿಡಹೇನು. ಹಾಗಾದರೆ ಔಷಧಿ ಹೊಡೆದರೆ ಆಯ್ತಲ್ವಾ? ಇಲ್ಲ. ಹೇನು ಎಲೆಗೆ ಸುಮ್ನೆ ಒಮ್ಮೆ ಬಾಯಿ ಚುಚ್ಚಿ ರುಚಿ ನೋಡಿದರೂ ಸಾಕು, ವೈರಸ್ ಅಂಟುತ್ತದೆ. ಇದು ಕೆಲವೇ ಸೆಕೆಂಡುಗಳ ಕೆಲಸ. ವಿಷ ಏರಿ ಹೇನು ಸಾಯುವ ಹೊತ್ತಿಗೆ ಪಕ್ಕದ ಮರಕ್ಕೆ ರೋಗ ದಾಟಿಯಾಗಿರುತ್ತದೆ. ಆದರೆ ಈ ಅಂಟು ಹೇನಿನ ಬಾಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಹಾಗಾಗಿ ಅದು ರೋಗವನ್ನು ಬಹುದೂರ ಒಯ್ಯಲಾರದು. ಗಡಿ ದಾಟಿಸುವುದು ಸೋಂಕಿದ ಸಸಿ ಮತ್ತು ಕಸಿ ಕಡ್ಡಿ. ಸೋಂಕಿದ ಮರಕ್ಕೆ ತೋಟದಲ್ಲಿ ಚಿಕಿತ್ಸೆಯೇ ಇಲ್ಲ, ಕಿತ್ತು ಸುಡುವುದೊಂದೇ ದಾರಿ.

ಅದಕ್ಕೇ ಯೋಜನೆಯ ಮೊದಲ ಸಾಲು ಇದಾಗಿರಬೇಕು: ಪರೀಕ್ಷೆ ಮಾಡಿ ದೃಢೀಕರಿಸಿದ ಸಸಿ, ಕಡ್ಡಿ ಮಾತ್ರ ಒಳಗೆ. ಯಾವ ನರ್ಸರಿ, ಯಾವ ದಿನ, ಯಾವ ಸಾಲಿನಲ್ಲಿ ನೆಟ್ಟಿದ್ದು, ಎಲ್ಲ ಬರೆದಿಡಿ. ಗೆಳೆಯರು ಪ್ರೀತಿಯಿಂದ ಕೊಟ್ಟ ಕಡ್ಡಿ ಅಂತ ವಿನಾಯಿತಿ ಬೇಡ.

ಇನ್ನೆರಡು ಕೀಟಗಳು

ಮಾಗಿ ಕೊಳೆತ ಹಣ್ಣಿನ ಸುತ್ತ ಹಾರುವ ಪುಟ್ಟ ನೊಣ ಎಲ್ಲರಿಗೂ ಗೊತ್ತು. ಡ್ರೊಸೊಫಿಲಾ ಸುಜುಕಿ ಅದೇ ಬಳಗದ್ದು, ಪೂರ್ವ ಏಷ್ಯಾದ ಮೂಲ. ಆದರೆ ಇದರ ಹೆಣ್ಣಿಗೆ ಮೊಟ್ಟೆಯಿಡುವ ಅಂಗ ಗರಗಸದಂತೆ ಹಲ್ಲುಹಲ್ಲಾಗಿದೆ. ಕೊಯ್ಲಿಗೆ ಬರುತ್ತಿರುವ ಗಟ್ಟಿ ಚೆರ್ರಿಯ ಸಿಪ್ಪೆಯನ್ನೇ ಕೊಯ್ದು ಮೊಟ್ಟೆಯಿಡುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ದಕ್ಷಿಣ ಯುರೋಪಿನಲ್ಲೂ ಕಾಣಿಸಿಕೊಂಡಿತು. ಅನುಮಾನ ಬಂದರೆ ಹಣ್ಣನ್ನು ಮೆಲ್ಲಗೆ ಹಿಸುಕಿ ಉಪ್ಪು ನೀರಿನಲ್ಲಿ ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ಬಿಳಿ ಹುಳುಗಳು ಹೊರಬಂದು ತೇಲುತ್ತವೆ.

ಎರಡನೆಯದು ಕೆಂಪು ಕೊರಳಿನ ಕಾಂಡಕೊರಕ ದುಂಬಿ, ಆರೋಮಿಯಾ ಬುಂಗಿ. ಚೀನಾ, ಕೊರಿಯಾ ಕಡೆಯದ್ದು. ಇಟಲಿ, ಜರ್ಮನಿ, ಜಪಾನಿಗೂ ಹೋಗಿದೆ. ಮರಿಹುಳು ಎರಡು ಮೂರು ವರ್ಷ ಕಾಂಡದೊಳಗೇ ಇರುತ್ತದೆ. ಮರದ ಬುಡದಲ್ಲಿ ಕೆಂಪುಗಂದು ಹೊಟ್ಟಿನ ಗುಪ್ಪೆ ಕಂಡರೆ ಕೂಡಲೇ ಬಗ್ಗಿ ನೋಡಿ. ಇಂಥ ಕೊರಕಗಳು ಸರಕು ತುಂಬುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಲ್ಲಿ ಅಡಗಿ ಬರುತ್ತವೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆ ಮರವನ್ನು ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವುದು ಒಂದು ಮುಖ್ಯ ವಿಧಾನ. ಕಾಯಿಸಿದ್ದಕ್ಕೆ ತೆನೆಯ ಚಿತ್ರವಿರುವ ಮುದ್ರೆ ಒತ್ತಿರುತ್ತಾರೆ. ಮುದ್ರೆ ಇಲ್ಲದ ವಿದೇಶಿ ಪ್ಯಾಲೆಟ್ ತೋಟದಲ್ಲಿ ಬೇಡ.

ಗೇಟಿನ ಬಳಿ

ತೋಟದ ನಕ್ಷೆ ಬರೆದು, ಒಳಗೆ ಬರುವ ಪ್ರತಿಯೊಂದಕ್ಕೂ ಬಾಣ ಹಾಕಿ: ಸಸಿ, ಕ್ರೇಟು, ಟ್ರ್ಯಾಕ್ಟರ್, ಜೇನುಪೆಟ್ಟಿಗೆ, ಕೊಯ್ಲಿನ ಕೆಲಸಗಾರರು, ನೋಡಲು ಬಂದವರು. ಬಾಗಿಲು ಒಂದೇ ಇದ್ದರೆ ಬಹಳ ಅನುಕೂಲ. ಹೊರಗಿನ ಗಾಡಿಗಳು ಗೇಟಿನ ಹತ್ತಿರವೇ ನಿಲ್ಲಲಿ.

ಬೂಟು ಅದ್ದುವ ತೊಟ್ಟಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಣ್ಣು ಮೆತ್ತಿದ ಬೂಟನ್ನು ಹಾಗೇ ಬ್ಲೀಚ್ ನೀರಿಗೆ ಅದ್ದಿದರೆ ಉಪಯೋಗವಿಲ್ಲ. ಕ್ಲೋರಿನ್ ಆ ಮಣ್ಣು, ಕಸದ ಮೇಲೆಯೇ ಖರ್ಚಾಗಿಬಿಡುತ್ತದೆ. ಮೊದಲು ಬ್ರಷ್ಷಿನಿಂದ ಉಜ್ಜಿ, ತೊಳೆದು, ಆಮೇಲೆ ಅದ್ದಬೇಕು. ಸವರುವ ಕತ್ತರಿ, ಗರಗಸಕ್ಕೂ ಇದೇ ಕ್ರಮ.

ನೋಡುವುದು, ಬರೆಯುವುದು

ವಸಂತದಲ್ಲಿ ಎಲೆ ಮತ್ತು ಹೂವು, ಕೊಯ್ಲಿನ ಮುಂಚೆ ಹಣ್ಣು, ವರ್ಷವಿಡೀ ಕಾಂಡದ ಬುಡ. ಸಾಲು ಹಿಡಿದು ನಡೆದು ನೋಡಿ. ಏನೂ ಸಿಗದಿದ್ದರೆ 'ನೋಡಿದೆ, ಏನೂ ಕಾಣಲಿಲ್ಲ' ಎಂದು ತಾರೀಕು ಹಾಕಿ ಬರೆಯಿರಿ. ಈ ಸಾಲು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಪೀಡೆ ಇಲ್ಲ ಎಂದು ಕೊಳ್ಳುವವರಿಗೆ, ಅಧಿಕಾರಿಗಳಿಗೆ ತೋರಿಸಲು ಬೇಕಾಗುವುದು ಇಂಥ ದಾಖಲೆಯೇ. ಖಾಲಿ ಪುಟ ತೋರಿಸಿದರೆ ನೋಡಿಯೇ ಇಲ್ಲ ಅಂತ ಅರ್ಥವಾಗುತ್ತದೆ.

ಅಪರಿಚಿತವಾದದ್ದು ಕಂಡರೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಊರೆಲ್ಲ ತೋರಿಸಬೇಡಿ. ಫೋಟೋ ತೆಗೆದು, ಮರಕ್ಕೆ ಪಟ್ಟಿ ಕಟ್ಟಿ ಗುರುತು ಮಾಡಿ. ಆ ಭಾಗಕ್ಕೆ ಯಾರೂ ಹೋಗದಂತೆ ತಡೆಯಿರಿ. ಸಸ್ಯ ಸಂರಕ್ಷಣಾ ಅಧಿಕಾರಿಗೆ ಅವತ್ತೇ ಫೋನ್ ಮಾಡಿ, ಮಾದರಿ ಬೇಕೋ ಬೇಡವೋ ಅವರನ್ನೇ ಕೇಳಿ. ಅವರ ನಂಬರನ್ನು ಈಗಲೇ ಶೆಡ್ಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.