ಮರಿಯಿಂದಲೇ ಜೊತೆಗೆ ಬೆಳೆಸಿದರೆ ಸಿಕ್ಲಿಡ್‌ಗಳು ಹೊಂದಿಕೊಳ್ಳುತ್ತವೆಯೇ?

ಪ್ರಶ್ನೆ: ಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಇಟ್ಟಿದ್ದೇವೆ. ಸಿಕ್ಲಿಡ್ ಕುಟುಂಬದ ಮೀನುಗಳಲ್ಲಿ ಜಗಳವಾಡದವನ್ನು ಸಾಕಬೇಕೆಂದು ಆಸೆ. ಏಂಜಲ್, ರಾಮ್, ಹಳದಿ ಬಣ್ಣದ ಆಫ್ರಿಕನ್ ಸಿಕ್ಲಿಡ್, ಜೊತೆಗೆ ಒಂದೇ ಒಂದು ಆಸ್ಕರ್ ತರೋಣವೆಂದಿದ್ದೇವೆ. ಎಲ್ಲವನ್ನೂ ಮರಿಗಳಾಗಿರುವಾಗಲೇ ತಂದು ಒಟ್ಟಿಗೆ ಬೆಳೆಸಿದರೆ ಮುಂದೆ ಹೊಂದಿಕೊಂಡು ಇರುತ್ತವೆ ಅಲ್ಲವೇ ಸರ್?

ಉತ್ತರ: ಇಲ್ಲ.

ಒಂದೇ ಪದದಲ್ಲಿ ಮುಗಿಯುವ ಈ ಉತ್ತರವನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಕೇಳುವವರಿಗೆ ಮಾತ್ರ ಇನ್ನೂ ಸಾಕಾಗಿಲ್ಲ. ಯಾವ ಮೀನಿಗೆ ಯಾವುದು ಜೊತೆ ಎಂಬುದನ್ನು ಮುಂದೆ ಹೇಳಿಯೇ ಹೇಳುತ್ತೇನೆ. ಆದರೆ "ಮರಿಯಿಂದಲೇ ಒಟ್ಟಿಗೆ ಬೆಳೆಸಿದರೆ" ಎಂಬ ಮಾತು ತಲೆಯಲ್ಲಿ ಕೂತಿರುವವರೆಗೆ ಯಾವ ಪಟ್ಟಿ ಕೊಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಪಟ್ಟಿಯಲ್ಲಿಲ್ಲದ ಮೀನನ್ನೂ ಓದುಗರು ಇದೇ ಮಾತಿನ ಬಲದ ಮೇಲೆ ಮನೆಗೆ ತರುತ್ತಾರೆ. ಹಾಗಾಗಿ ಮೊದಲು ಅದನ್ನು ಇತ್ಯರ್ಥ ಮಾಡೋಣ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನಾವು ಮೀನಿಗೂ ಹೊಂದಿಸಿಬಿಟ್ಟಿದ್ದೇವೆ. ನಾಯಿಮರಿಯೂ ಬೆಕ್ಕಿನ ಮರಿಯೂ ಒಟ್ಟಿಗೆ ಬೆಳೆದು ಒಂದೇ ಚಾಪೆಯ ಮೇಲೆ ಮಲಗುವುದನ್ನು ಕಂಡವರಿಗೆ ಮೀನೂ ಹಾಗೆಯೇ ಇದ್ದೀತು ಎನ್ನಿಸುವುದು ಸಹಜ. ಅಂಗಡಿಯವರೂ "ಚಿಕ್ಕದರಲ್ಲೇ ಬಿಟ್ಟುಬಿಡಿ ಸರ್, ಅಡ್ಜಸ್ಟ್ ಆಗ್ತವೆ" ಎಂದು ಕವರಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಮೊದಲ ಆರೇಳು ತಿಂಗಳು ಅವರ ಮಾತು ನಿಜವೆಂದೇ ಕಾಣುತ್ತದೆ, ಮತ್ತು ಈ ನಂಬಿಕೆ ಸಾಯದೆ ಉಳಿದಿರುವುದಕ್ಕೆ ಆ ಆರೇಳು ತಿಂಗಳೇ ಕಾರಣ. ಮರಿಗಳು ನಿಜವಾಗಿಯೂ ಗುಂಪಾಗಿ ಈಜುತ್ತವೆ, ಒಟ್ಟಿಗೆ ಉಣ್ಣುತ್ತವೆ, ಆಗೊಮ್ಮೆ ಈಗೊಮ್ಮೆ ಮೂತಿ ತಾಗಿಸಿ ಸುಮ್ಮನಾಗುತ್ತವೆ. ನಾವು ಅದನ್ನು ಹೊಂದಾಣಿಕೆ ಎಂದು ಕರೆಯುತ್ತೇವೆ. ವಾಸ್ತವದಲ್ಲಿ ಅವು ಇನ್ನೂ ವಯಸ್ಸಿಗೆ ಬಂದಿಲ್ಲ, ಅಷ್ಟೇ.

ಸಿಕ್ಲಿಡ್‌ಗಳ ಜಗಳದ ಮೂಲ ಅವುಗಳ ಸಂತಾನಪಾಲನೆಯಲ್ಲಿದೆ. ಬಹುಪಾಲು ಮೀನುಗಳು ಮೊಟ್ಟೆಗಳನ್ನು ನೀರಿಗೆ ಬಿಟ್ಟು ತಮ್ಮ ದಾರಿ ಹಿಡಿದರೆ, ಈ ಕುಟುಂಬದ ಮೀನುಗಳು ಮೊಟ್ಟೆಯನ್ನೂ ಮರಿಯನ್ನೂ ಕಾಯುತ್ತವೆ. ಕಾಯಬೇಕೆಂದರೆ ಒಂದು ಜಾಗ ಬೇಕು, ಆ ಜಾಗಕ್ಕೊಂದು ಗಡಿ ಬೇಕು, ಗಡಿ ದಾಟಿದವರನ್ನು ಓಡಿಸುವ ಛಲ ಬೇಕು. ಲೈಂಗಿಕ ಪ್ರೌಢತೆ ಬರುವವರೆಗೆ ಇದಾವುದರ ಅಗತ್ಯವೂ ಮೀನಿಗೆ ಇರುವುದಿಲ್ಲ. ಬಂದ ದಿನ ಅದು ಎದುರಿಗಿರುವ ಮೀನು ಬಾಲ್ಯದ ಗೆಳೆಯನೋ ನಿನ್ನೆ ಬಂದ ಅಪರಿಚಿತನೋ ಎಂದು ವಿಚಾರಿಸುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು 30×40ರ ಸೈಟು ಭಾಗವಾಗುವ ಹೊತ್ತಿಗೆ ಏನಾಗುತ್ತಾರೆಂಬುದನ್ನು ಬೆಂಗಳೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಅಂದಮೇಲೆ, ನಾಲ್ಕಡಿ ಉದ್ದ ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ಎಲ್ಲರಿಗೂ ಸೇರಿ ಇರುವ ನೆಲ ಕೇವಲ ಆರು ಚದರಡಿ ಎಂಬುದನ್ನು ನೆನಪಿಡಿ.

ಇದನ್ನು ನಾನು ಕಲಿತದ್ದು ಕಣ್ಣಾರೆ ಕಂಡು. ಹನುಮಂತನಗರದ ಬಾಡಿಗೆ ಮನೆಯಲ್ಲಿದ್ದಾಗ ಶಿವಾಜಿನಗರದಿಂದ ಎಂಟು ಏಂಜಲ್ ಮರಿಗಳನ್ನು ತಂದಿದ್ದೆ. ಒಂದೇ ಸಲ ಮೊಟ್ಟೆಯೊಡೆದು ಬಂದವು, ಅಂದರೆ ಬರೀ ಜೊತೆಗಾರರಲ್ಲ, ಒಡಹುಟ್ಟಿದವು; ಪ್ರತಿಯೊಂದೂ ಒಂದು ರೂಪಾಯಿ ನಾಣ್ಯದಷ್ಟು. ಒಂಬತ್ತು ತಿಂಗಳು ಅವು ಮದುವೆಮನೆಯ ಮಕ್ಕಳಂತೆ ಗುಂಪಾಗಿ ಓಡಾಡಿಕೊಂಡಿದ್ದವು. ಆಮೇಲೊಂದು ಸಂಜೆ ಎರಡು ಮೀನುಗಳು ಫಿಲ್ಟರಿನ ಪೈಪನ್ನು ಬಾಯಿಂದ ಉಜ್ಜತೊಡಗಿದವು. ಪೈಪಿಗೆ ಆಹಾರವೇನೂ ಅಂಟಿರಲಿಲ್ಲ. ಮೊಟ್ಟೆ ಇಡುವ ಜಾಗವನ್ನು ಅವು ಶುಚಿಗೊಳಿಸುತ್ತಿದ್ದವು. ಮರುದಿನ ಬೆಳಗ್ಗೆ ಲೈಟು ಹಾಕಿದಾಗ ಪೈಪಿನ ಸುತ್ತ ಎರಡಡಿ ಖಾಲಿ ನೀರಿತ್ತು, ಉಳಿದ ಆರು ಮೀನುಗಳು ಎದುರು ಮೂಲೆಯಲ್ಲಿ ನೀರಿನ ಮೇಲ್ಪದರಕ್ಕೆ ಒತ್ತಿಕೊಂಡು ನಿಂತಿದ್ದವು. ಒಂದರ ಬಾಲ ಬಾಚಣಿಗೆಯ ಹಲ್ಲುಗಳಂತೆ ಸೀಳಿತ್ತು, ಇನ್ನೊಂದರ ಒಂದು ಪಕ್ಕದಲ್ಲಿ ಹುರುಪೆಗಳೇ ಇರಲಿಲ್ಲ. ಆ ವಾರದಲ್ಲಿ ಎರಡು ಸತ್ತವು, ನಾಲ್ಕನ್ನು ಪರಿಚಯದವರಿಗೆ ಕೊಟ್ಟೆ. ಉಳಿದ ಜೋಡಿ ನಂತರ ಎಷ್ಟೋ ಕಾಲ ಬಾಳಿತು.

"ಹಾಗಾದರೆ ಅಂಗಡಿಯ ಟ್ಯಾಂಕಿನಲ್ಲಿ ಎಲ್ಲವೂ ಒಟ್ಟಿಗೇ ಇರುತ್ತವಲ್ಲ?" ಎಂದು ಈಗ ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅಂಗಡಿಯಲ್ಲಿರುವುದು ಮರಿಗಳು. ಕಲ್ಲಿಲ್ಲ, ಗಿಡವಿಲ್ಲ, ಹಿಡಿದಿಟ್ಟುಕೊಳ್ಳಲು ಜಾಗವಿಲ್ಲ. ಇವತ್ತು ಎದುರಿಗಿದ್ದ ಮೀನು ನಾಳೆ ಮಾರಾಟವಾಗಿರುತ್ತದೆ. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರಂನಲ್ಲಿ ಬಸ್ಸಿಗೆ ಕಾಯುವವರು ನಿಂತ ಜಾಗಕ್ಕಾಗಿ ಕೋರ್ಟು ಹತ್ತುವುದಿಲ್ಲವೆಂದು ಅವರನ್ನು ಒಂದೇ ಮನೆಯಲ್ಲಿ ಕೂಡಿಹಾಕಲು ಬರುತ್ತದೆಯೇ?

ಇನ್ನು ಬಾಯಿಯ ಅಳತೆ. ಏಂಜಲ್ ಮರಿಯ ಜೊತೆ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳನ್ನು ಬಿಟ್ಟವರೆಲ್ಲ ಒಂದು ದಿನ ಬೆಳಗ್ಗೆ ಎಣಿಸಿ ಗಾಬರಿಯಾಗುತ್ತಾರೆ. ನಿಯಾನ್ ಮೂರೂವರೆ ಸೆಂಟಿಮೀಟರ್ ಆಸುಪಾಸಿಗೆ ನಿಲ್ಲುತ್ತದೆ. ಏಂಜಲ್ 15 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಮತ್ತು ಬಾಯಿಗೆ ಹಿಡಿಯುವ ಮೀನನ್ನು ತಿನ್ನುವುದು ಅದರ ಜಾಯಮಾನ. ಆಸ್ಕರ್ 30 ಸೆಂಟಿಮೀಟರ್ ಮುಟ್ಟುವ ಮೀನು. ಅದರ ಮುಂದೆ ರಾಮ್ ಎಂಬ ಐದು ಸೆಂಟಿಮೀಟರಿನ ಮೀನನ್ನು ಬಿಡುವುದು ಜೊತೆಗಾರನನ್ನು ಕೊಟ್ಟಂತಲ್ಲ, ಊಟ ಬಡಿಸಿದಂತೆ. "ಟ್ಯಾಂಕು ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ" ಎಂಬ ಇನ್ನೊಂದು ಮಾತೂ "ಮರಿಯಿಂದಲೇ" ಎಂಬ ಮಾತಿನ ತಂಗಿಯೇ. ಚಿಕ್ಕ ಟ್ಯಾಂಕಿನ ಕೊಳಕು ನೀರಿನಲ್ಲಿ ಮೀನು ಕುಂಠಿತವಾಗುತ್ತದೆ, ರೋಗಕ್ಕೆ ತುತ್ತಾಗುತ್ತದೆ, ಆಯಸ್ಸು ತೀರುವ ಮೊದಲೇ ಸಾಯುತ್ತದೆ. ಅದನ್ನು ಹೊಂದಿಕೊಳ್ಳುವುದು ಎನ್ನಲಾಗದು.

ಜಗಳಕ್ಕೆ ಹೆದರಿ ಒಂದೇ ಒಂದು ಜೋಡಿಯನ್ನು ಇಟ್ಟರೂ ಶಾಂತಿ ಖಚಿತವಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. 1973ರಲ್ಲಿ ನೊಬೆಲ್ ಪಡೆದ ಆಸ್ಟ್ರಿಯಾದ ಪ್ರಾಣಿವರ್ತನ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಸಿಕ್ಲಿಡ್‌ಗಳನ್ನು ಸಾಕಿ ಗಮನಿಸಿದವರು. ಟ್ಯಾಂಕಿನ ನಡುವೆ ಗಾಜು ನಿಲ್ಲಿಸಿ ಆಚೆಗೊಂದು ಈಚೆಗೊಂದು ಜೋಡಿಯನ್ನು ಬಿಟ್ಟರೆ, ಪ್ರತಿ ಜೋಡಿಯೂ ಗಾಜಿನಾಚೆಯ ನೆರೆಯವರ ಮೇಲೆ ಸಿಟ್ಟು ತೀರಿಸಿಕೊಂಡು ತನ್ನೊಳಗೆ ಅನ್ಯೋನ್ಯವಾಗಿರುತ್ತದೆ. ಗಾಜಿನ ಮೇಲೆ ಪಾಚಿ ಬೆಳೆದು ನೆರೆಯವರು ಕಾಣದಂತಾದರೆ ಗಂಡು ತನ್ನ ಹೆಣ್ಣಿನ ಮೇಲೆಯೇ ಎರಗತೊಡಗುತ್ತದೆ. ಆದ್ದರಿಂದಲೇ ಅನುಭವಸ್ಥರು ಸಿಕ್ಲಿಡ್‌ಗಳ ಜೊತೆ ಅವುಗಳ ಬಾಯಿಗೆ ಹಿಡಿಯದ, ಚುರುಕಾಗಿ ಈಜುವ ಟೆಟ್ರಾಗಳ ದೊಡ್ಡ ಗುಂಪನ್ನು ಬಿಡುತ್ತಾರೆ. ಟೆಟ್ರಾಗಳು ಬಯಲಲ್ಲಿ ಓಡಾಡುತ್ತಿದ್ದರೆ ಅಂಜುಬುರುಕ ರಾಮ್ ಕೂಡ ಅಪಾಯವಿಲ್ಲವೆಂದು ಹೊರಬರುತ್ತದೆ, ಜೋಡಿಯ ಸಿಡುಕು ಹತ್ತಾರು ಮೀನುಗಳ ನಡುವೆ ಹಂಚಿಹೋಗುತ್ತದೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಅದರಿಂದ ಆಸ್ಕರ್ ಹೆಸರನ್ನು ಮೊದಲೇ ಹೊಡೆದುಹಾಕಿ. ಹಳದಿ ಆಫ್ರಿಕನ್ ಎಂದು ನೀವು ಹೇಳುತ್ತಿರುವುದು ಬಹುಶಃ ಯೆಲ್ಲೋ ಲ್ಯಾಬ್. ಮಲಾವಿ ಸರೋವರದ ಬಂಡೆಗಳ ನಡುವಿನ ಮೀನುಗಳಲ್ಲಿ ಅದು ಸಾಧು, ಆದರೆ ಆ ಸರೋವರದ ನೀರು ಗಡಸು, ಪಿಎಚ್ ಎಂಟರ ಆಸುಪಾಸು. ಏಂಜಲ್ ಅಮೆಜಾನಿನದು. ರಾಮ್ ಅನ್ನು ಅಂಗಡಿಯಲ್ಲಿ ಜರ್ಮನ್ ಎಂದು ಕರೆದರೂ ಅದರ ತವರು ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೋಕೊ ಬಯಲು. ಇವೆರಡೂ ಮೆದು ನೀರಿನವು. ಒಂದೇ ಟ್ಯಾಂಕಿನಲ್ಲಿ ಎರಡೂ ಖಂಡಗಳನ್ನು ಮೆಚ್ಚಿಸಲಾಗದು. ಹಾಗಾಗಿ ಮೀನನ್ನು ಆರಿಸುವ ಮೊದಲು ನಿಮ್ಮ ನಲ್ಲಿಯಲ್ಲಿ ಬರುವುದೇನೆಂದು ನೋಡಿ. ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರಾದರೆ, ಕ್ಲೋರಿನ್ ತೆಗೆದ ಮೇಲೆ ಅಂಗಡಿಯಲ್ಲಿ ಸಿಗುವ ಏಂಜಲ್‌ಗಳು ಅದರಲ್ಲಿ ಚೆನ್ನಾಗಿರುತ್ತವೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾಗಿದ್ದು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ, ಅದರ ಜೊತೆ ಗುದ್ದಾಡುವ ಬದಲು ಮಲಾವಿಯ ಮೀನುಗಳನ್ನೇ ಸಾಕಿ.

ಕಾವೇರಿ ನೀರಿನ ನಾಲ್ಕಡಿ ಟ್ಯಾಂಕಿಗೆ ನನ್ನ ಆಯ್ಕೆ ಹೀಗಿದೆ: ಜೋಡಿಯಾದ ಎರಡು ಏಂಜಲ್, ನೆಲದ ಮಟ್ಟದಲ್ಲಿ ಒಂದು ಜೋಡಿ ರಾಮ್, ಹನ್ನೆರಡರಿಂದ ಹದಿನೈದು ರಮ್ಮಿನೋಸ್ ಅಥವಾ ಲೆಮನ್ ಟೆಟ್ರಾ, ನುಣ್ಣನೆಯ ಮರಳಿದ್ದರೆ ಆರು ಕೊರಿಡೋರಸ್, ಪಾಚಿ ತಿನ್ನಲು ಒಂದು ಬ್ರಿಸಲ್‌ನೋಸ್ ಮೀನು. ಮೇಲಿನ ನೀರು ಏಂಜಲ್‌ಗೆ, ನೆಲ ರಾಮ್‌ಗೆ ಎಂದು ಮನೆ ತಾನಾಗಿಯೇ ಭಾಗವಾಗುತ್ತದೆ. ಬೊಲಿವಿಯನ್ ರಾಮ್ ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣ ಕಡಿಮೆ, ತಾಳಿಕೆ ಹೆಚ್ಚು. ಟೈಗರ್ ಬಾರ್ಬ್ ಮತ್ತು ಸರ್ಪೇ ಟೆಟ್ರಾ ಬೇಡವೇ ಬೇಡ, ಏಂಜಲ್‌ನ ಉದ್ದ ರೆಕ್ಕೆಗಳನ್ನು ಅವು ಕಚ್ಚಿ ತುಂಡರಿಸುತ್ತವೆ. ಸಾಮಾನ್ಯ ಸಕ್ಕರ್ ಮೀನು ಕೂಡ ಬೇಡ, ಅದು ಅಡಿಗೂ ಮೀರಿ ಬೆಳೆಯುತ್ತದೆ. ಟೆಟ್ರಾಗಳನ್ನು ಮೊದಲು ಬಿಡಿ, ಏಂಜಲ್‌ಗಳನ್ನು ಕೊನೆಗೆ. ಮೊದಲು ಬಂದವನೇ ಮನೆಯ ಯಜಮಾನನಾಗುತ್ತಾನೆ. ಬೆಂಗಳೂರಿಗೆ ಹೀಟರ್ ಬೇಡವೆಂದು ವಾದಿಸುವವರು ಜನವರಿಯ ಮುಂಜಾವಿನಲ್ಲಿ ಟ್ಯಾಂಕಿನ ಥರ್ಮಾಮೀಟರ್ ನೋಡಲಿ. ರಾಮ್‌ಗೆ 27 ಡಿಗ್ರಿ ಬೇಕು.

ಗಡಸು ನೀರಿನವರು ಯೆಲ್ಲೋ ಲ್ಯಾಬ್ ಮತ್ತು ರಸ್ಟಿ ಎಂಬ ಎರಡೇ ಜಾತಿಗಳನ್ನು ಏಳೆಂಟರಂತೆ ಇಟ್ಟು, ಕಲ್ಲುಗಳನ್ನು ಗೂಡುಗಳಾಗುವಂತೆ ಪೇರಿಸಿದರೆ ಸಾಕು. "ಆಫ್ರಿಕನ್ ಮಿಕ್ಸ್" ಎಂದು ಕವರಿನಲ್ಲಿ ಕೊಡುವುದನ್ನು ಮಾತ್ರ ತರಬೇಡಿ. ಅದರಲ್ಲಿ ಹಳದಿ ಮೈಯ ಮೇಲೆ ಕಪ್ಪು ಪಟ್ಟೆಯ ಔರಾಟಸ್ ಮರಿ ಇದ್ದೇ ಇರುತ್ತದೆ. ನೋಡಲು ಮುದ್ದು, ಗಂಡು ಬೆಳೆದಂತೆ ಮೈ ಕಪ್ಪಾಗುತ್ತದೆ, ಆಮೇಲೆ ಟ್ಯಾಂಕಿನಲ್ಲಿ ಅದರದೇ ರಾಜ್ಯ.

ಅಮೆಜಾನು, ಮಲಾವಿ ಎಂದು ಇಷ್ಟೆಲ್ಲ ಕೇಳುವವರು ನಮ್ಮ ನೀರಿನಲ್ಲೂ ಸಿಕ್ಲಿಡ್ ಇದೆಯೇ ಎಂದು ಇದುವರೆಗೆ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಬೆಂಗಳೂರಿನ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಸಿಕ್ಲಿಡ್ಡೇ. ಆದರೆ ಅದು ಆಫ್ರಿಕಾದಿಂದ 1952ರಲ್ಲಿ ಭಾರತಕ್ಕೆ ತಂದದ್ದು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ನಮ್ಮೂರಿನ ಕೇರಳ ಹೋಟೆಲುಗಳಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಒಂದು. ಎರಡನೆಯದು ದಕ್ಷಿಣ ಕನ್ನಡದ ನದಿಗಳದು. 1877ರಲ್ಲಿ ಬ್ರಿಟಿಷ್ ಮೀನುತಜ್ಞ ಫ್ರಾನ್ಸಿಸ್ ಡೇ ಅದನ್ನು ವಿವರಿಸಿದಾಗ ಕೆನರಾ ಸೀಮೆಯ ಹೆಸರನ್ನೇ ಅದಕ್ಕಿಟ್ಟು ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದ. ನೇತ್ರಾವತಿಯನ್ನು ಸೇತುವೆಯ ಮೇಲಿಂದ ದಾಟುವ ನಮಗೆ ಆ ಹೆಸರೇ ಗೊತ್ತಿಲ್ಲ.

ಮೂರನೆಯದು ಆರೆಂಜ್ ಕ್ರೋಮೈಡ್, ಎಂಟು ಸೆಂಟಿಮೀಟರಿನ ಕಿತ್ತಳೆ ಬಣ್ಣದ ಮೀನು. ನಗರದ ಅಂಗಡಿಗಳಲ್ಲಿ ಕೆಲವೊಮ್ಮೆ ಸಿಗುತ್ತದೆ. ಹಿನ್ನೀರಿನ ಸ್ವಲ್ಪ ಉಪ್ಪಿಗೂ ಒಗ್ಗಿದ ಮೀನಾದ್ದರಿಂದ ಬೋರ್‌ವೆಲ್ ನೀರಿನ ಗಡಸು ಅದಕ್ಕೆ ತೊಂದರೆಯಲ್ಲ. ಏಂಜಲ್‌ಗಳ ಜೊತೆ ಬೇಡ, ಮೂರಡಿ ಟ್ಯಾಂಕಿನಲ್ಲಿ ಆರು ಮೀನುಗಳ ಗುಂಪಾಗಿ ಇಡಿ. ಜೋಡಿ ಕಟ್ಟಿ ಮೊಟ್ಟೆಯೊಡೆದ ಮೇಲೆ ಒಂದು ದಿನ ಗಾಜಿನ ಹತ್ತಿರ ಮುಖವಿಟ್ಟು ನೋಡಿ: ಸಾಸಿವೆಯಷ್ಟು ಮರಿಗಳು ತಾಯಿಯ ಪಕ್ಕೆಗೆ ಒಂದೊಂದಾಗಿ ನುಗ್ಗಿ, ಮೈಮೇಲಿನ ಲೋಳೆಯನ್ನು ಕುಟುಕಿ ತಿಂದು ಹಿಂದೆ ಸರಿಯುತ್ತಿರುತ್ತವೆ. ತಾಯಿ ಅಲುಗಾಡದೆ ನಿಂತಿರುತ್ತದೆ. ತಂದೆಯ ಕಣ್ಣು ಮಾತ್ರ ಗಾಜಿನಾಚೆ ಇರುವ ನಿಮ್ಮ ಮೇಲಿರುತ್ತದೆ.